ಸುಮ್ನೆ ಎಂಬ ಗದ್ದಲ

ಆ ಬ್ಯಾಂಡಿನ ಹೆಸರು ‘ಸುಮ್ನೆ’. ಹೆಸರಿಟ್ಟವನು ಅದರಲ್ಲಿದ್ದ ಅಕ್ಕ-ತಮ್ಮ ಜೋಡಿಯ ತಮ್ಮ. ಇಟ್ಟ ಎನ್ನುವುದಕ್ಕಿಂತ ಅದು ತಾನಾಗಿ ಬಂದು ಅಂಟಿಕೊಂಡಿತು ಎನ್ನಬೇಕು. ಅವನು ಮನೆಯಲ್ಲಿ ಹಳೆಯ ಫ್ಯಾನಿನ ಮೋಟಾರನ್ನು ಸ್ಪೀಕರಿಗೆ ಸಿಕ್ಕಿಸಿಕೊಂಡು ಗುಂಯ್ ಎನ್ನಿಸುತ್ತಾ ಕೂತರೆ ಅಮ್ಮ ಅಡುಗೆಮನೆಯಿಂದ "ಸುಮ್ನಿರೋ!" ಎಂದು ಕೂಗುತ್ತಿದ್ದಳು. "ಯಾಕೋ ಹೀಗೆ ಪ್ರಾಣ ತಿಂತೀಯ?" ಎಂದು ಕೇಳಿದರೆ ಅವನದು ಒಂದೇ ಉತ್ತರ: "ಸುಮ್ನೆ." ನಮ್ಮ ಭಾಷೆಯಲ್ಲಿ ಆ ಒಂದು ಮಾತಿಗೆ ಎರಡು ಮುಖ. ಬಾಯಿ ಮುಚ್ಚು ಎನ್ನುವುದಕ್ಕೂ ಅದೇ, ಕಾರಣ ಗೀರಣ ಏನೂ ಇಲ್ಲ ಎನ್ನುವುದಕ್ಕೂ ಅದೇ. ಬಾಯಿ ಮುಚ್ಚಲು ಬಾರದ, ಕಾರಣ ಕೊಡಲೂ ಬಾರದ ಮೂವರು ಸೇರಿ ಕಟ್ಟಿದ ಗುಂಪಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗಬೇಕು ಹೇಳಿ.

ಆದರೆ ಹೆಸರು ಹೇಳಿ ನಂಬಿಸುವುದೇ ಒಂದು ಪಾಡು. "ಏನಪ್ಪಾ ನಿಮ್ಮ ಬ್ಯಾಂಡಿನ ಹೆಸರು?" "ಸುಮ್ನೆ." "ಹೇಳಪ್ಪಾ, ಪರವಾಗಿಲ್ಲ." "ಅದೇ ಅಂದ್ನಲ್ಲ, ಸುಮ್ನೆ." "ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು, ದುರಹಂಕಾರ ಯಾಕೆ?" ಎಂದು ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ತಮ್ಮ ಬಿದ್ದು ಬಿದ್ದು ನಗುತ್ತಿದ್ದ.

ಅವನ ನಗು ಹೇಗಿತ್ತೆಂದು ಈಗ ಹೇಳಿ ಪ್ರಯೋಜನವಿಲ್ಲ. ಅವನು ಸತ್ತುಹೋದ. ಈ ಕಥೆ ಅವನು ಹೋದ ಮೇಲಿನದು. ಆಮೇಲೆ ಅವನ ಅಕ್ಕ ತನ್ನ ಕೈಯಾರೆ ಮಾಡಿಕೊಂಡ ಒಂದು ಅನಾಹುತದ್ದು.

ಮೂವರೆಂದರೆ ಅಕ್ಕ, ತಮ್ಮ ಮತ್ತು ತಗಡು. ಅಕ್ಕನಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವುದು ತಡವಾಗಿದೆ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ದನಿಯಲ್ಲಿ ಹೇಳುವುದು. ಹಗಲೆಲ್ಲ ಬೆಣ್ಣೆ ಮಾರಿದ ಗಂಟಲನ್ನು ಅವಳು ಸಂಜೆ ನೆಲಮಾಳಿಗೆಗೆ ತಂದು ಹರಿದು ಹಾಕುತ್ತಿದ್ದಳು. ಅವಳು ಹಾಡುತ್ತಿರಲಿಲ್ಲ, ಕಿರುಚುತ್ತಿದ್ದಳು. ಕೆಲವು ಸಲ ಅದೇ ಬಸ್ಸಿನ ಪ್ರಕಟಣೆಯನ್ನು ಮೊದಲು ನಯವಾಗಿ ಹೇಳಿ, ಮತ್ತೆ ಮತ್ತೆ ಹೇಳಿ, ಕೊನೆಗೆ ಅದು ಚೀತ್ಕಾರವಾಗುವ ತನಕ ಎಳೆಯುತ್ತಿದ್ದಳು. ತಗಡು ಎನ್ನುವವನು ಒಂದು ಹಾಸಿಗೆ ಅಂಗಡಿಯ ವ್ಯಾನು ಓಡಿಸುವವನು. ಅವನ ಡ್ರಮ್ಮುಗಳ ಮಧ್ಯೆ ಎಲ್ಲಿಂದಲೋ ಕಿತ್ತು ತಂದ ಒಂದು ಚಾವಣಿಯ ತಗಡು ತೂಗುತ್ತಿತ್ತು. ಅದನ್ನು ಬಾರಿಸಿ ಬಾರಿಸಿ ಅವನ ಹೆಸರೂ ಅದೇ ಆಯಿತು. ನೆಲಮಾಳಿಗೆ ಆ ಅಂಗಡಿಯದೇ. ಮಾರಾಟವಾಗದ, ಹರಿದ, ಗಿರಾಕಿಗಳು ಹಿಂದಿರುಗಿಸಿದ ಹಾಸಿಗೆಗಳನ್ನು ಅಲ್ಲಿ ತುಂಬುತ್ತಿದ್ದರು. ಈ ಮೂವರು ಅವನ್ನೇ ಗೋಡೆಗೆ ಒರಗಿಸಿ ನಿಲ್ಲಿಸಿದರು. ಒಳಗೆ ಭೂಮಿ ಬಿರಿದರೂ ಹೊರಗೆ ಒಂದು ಪಿಟ್ಟೆಂಬ ಸದ್ದೂ ಹೋಗುತ್ತಿರಲಿಲ್ಲ.

ತಮ್ಮನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಬ್ಯಾಂಡಿನಲ್ಲಿ ಅವನಿಗೊಂದು ಮೇಜು. ಅದರ ಮೇಲೆ ಫ್ಯಾನಿನ ಮೋಟಾರು, ಯಾವ ಸ್ಟೇಷನ್ನಿಗೂ ನಿಲ್ಲದೆ ಕರಕರ ಎನ್ನುವ ರೇಡಿಯೋ, ಬಾಗಿಲಿನ ಸ್ಪ್ರಿಂಗು, ಅಂಗಾತ ಮಲಗಿಸಿದ ಒಂದು ಗಿಟಾರು. ನುಡಿಸುತ್ತಿದ್ದ ಎಂದರೆ ಗಿಟಾರಿಗೇ ಅವಮಾನ. ಅದನ್ನು ಉಜ್ಜುತ್ತಿದ್ದ, ತಟ್ಟುತ್ತಿದ್ದ, ಮೋಟಾರಿನ ಹತ್ತಿರ ತಂದು ಗೋಳಾಡಿಸುತ್ತಿದ್ದ. ಮೊದಲ ಸಲ ಕೇಳಿದವರು ಕಿವಿ ಮುಚ್ಚಿಕೊಂಡು ಓಡುತ್ತಿದ್ದರು. ಎರಡನೆಯ ಸಲ ಕೇಳಲು ಬರುವವರು ಬೆರಳೆಣಿಕೆಯಷ್ಟು. ಬಂದವರು ಮಾತ್ರ ಆಮೇಲೆ ಹೊಡೆದರೂ ಹೋಗುತ್ತಿರಲಿಲ್ಲ.

ಅಮ್ಮ ಒಂದು ದಿನವೂ ಕೇಳಿರಲಿಲ್ಲ. ಅವಳು ನೂಲಿನ ಗಿರಣಿಯಲ್ಲಿ ಮೈಮುರಿದು ದುಡಿದು ನಿವೃತ್ತಳಾದವಳು. "ಜೀವಮಾನಕ್ಕೆ ಆಗೋವಷ್ಟು ಸದ್ದು ಕೇಳಿದೀನಿ ಕಣ್ರೋ. ನಾನು ಹೊಟ್ಟೆಪಾಡಿಗೆ ಕೇಳಿದ್ದನ್ನ ನೀವು ಖುಷಿಗೆ ಮಾಡ್ತೀರಲ್ಲ, ನಿಮ್ಮ ತಲೆ ಸರಿ ಇದೆಯಾ?" ಎನ್ನುತ್ತಿದ್ದಳು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರೆ. ನಿಮ್ಮದು ಕೋಣಾನೇ ಕಿನ್ನರಿ ಬಾರಿಸಿದ ಹಾಗೆ." ಇದು ಬ್ಯಾಂಡಿಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಎಂದು ತಮ್ಮ ಅದನ್ನು ಬರೆದು ನೆಲಮಾಳಿಗೆಯ ಬಾಗಿಲಿಗೆ ಅಂಟಿಸಿದ.

ಸದ್ದಿನದು ತಮಾಷೆಯಾಯಿತು. ಧೂಳಿನದು ತಮಾಷೆಯಾಗಿರಲಿಲ್ಲ. ತಮ್ಮನ ಶ್ವಾಸಕೋಶ ಮೊದಲಿನಿಂದಲೂ ಅಷ್ಟಕ್ಕಷ್ಟೆ; ಈಗ ಕೆಮ್ಮು ಜೋರಾಗಿ ಡಾಕ್ಟರ ಬಳಿಗೆ ಹೋಗುವಂತಾಯಿತು. ಹರಿದ ಹಾಸಿಗೆಗಳ ಹತ್ತಿ ಒಳಗೆ ಹೋದರೆ ಏನಾಗುತ್ತದೆಂದು ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಿರಣಿಯಲ್ಲಿ ಜೊತೆಗೆ ದುಡಿದವರು ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಾಯಿಲೆಗೆ ಅದೇ ಕಾರಣ ಎನ್ನಲಾಗದು ಎಂದು ಡಾಕ್ಟರು ಹೇಳಿದರು, ಒಳ್ಳೆಯದಂತೂ ಅಲ್ಲ ಎಂದೂ ಹೇಳಿದರು. ಅಮ್ಮ ಎರಡನೆಯದನ್ನು ಮಾತ್ರ ಕೇಳಿಸಿಕೊಂಡಳು. ಅವತ್ತಿನಿಂದ ನೆಲಮಾಳಿಗೆ ಬಂದ್. "ಒಂದೇ ಸಲ ಹೋಗಿ ಬರ್ತೀನಮ್ಮಾ" ಎಂದು ಅವನು ಚಿಕ್ಕ ಮಗುವಿನ ಹಾಗೆ ಹಿಂದೆ ಹಿಂದೆ ಸುತ್ತಿದ. ಅವಳು ಅವನ ಚಪ್ಪಲಿ ಬಚ್ಚಿಟ್ಟಳು. ಬೆಳೆದ ಗಂಡಸು, ಬರಿಗಾಲಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ಕಿಟಕಿಯ ಪಕ್ಕ ಕೂತು ಸರಳಿನ ಮೇಲೆ ಚಮಚ ಎಳೆಯುತ್ತಾ ಎಳೆಯುತ್ತಾ, ಚಳಿಗಾಲ ಕಳೆಯುವುದರೊಳಗೆ ಹೋಗಿಬಿಟ್ಟ.

ಬಂದವರೆಲ್ಲ ಬಂದು, ಆಡುವ ಮಾತೆಲ್ಲ ಆಡಿ, ಮನೆ ಖಾಲಿಯಾದ ಮೇಲೆ ಒಬ್ಬ ಹುಡುಗಿ ಬಂದಳು. ಯಾರಿಗೂ ಪರಿಚಯವಿಲ್ಲ. ಬಾಗಿಲಲ್ಲೇ ನಿಂತು, "ಅವರು ನುಡಿಸೋದನ್ನ ಮೂರು ನಾಲ್ಕು ಸಲ ಕೇಳಿದೀನಿ, ಅಷ್ಟೆ. ನನಗೆ ಬದುಕೋದೇ ಬೇಡ ಅನ್ನಿಸಿದ್ದ ಹೊತ್ತು ಅದು. ನನ್ನ ತಲೆಯೊಳಗಿನ ಗದ್ದಲಾನ ಯಾರೋ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟ ಹಾಗಾಯ್ತು," ಎಂದು ಹೇಳಿ, ಅಮ್ಮನ ಕೈ ಹಿಡಿದು ಗೊಳೋ ಎಂದು ಅತ್ತು ಹೋದಳು. ಅಮ್ಮ ಅವಳು ಇಳಿದು ಹೋದ ಮೆಟ್ಟಿಲನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದಳು.

ಮರುದಿನ ಅಕ್ಕ ಕೆಲಸದಿಂದ ಬಂದಾಗ ಅಮ್ಮ ಕೇಳಿದಳು: "ಅವನು ಅಲ್ಲಿ ನುಡಿಸಿದ್ದು ಏನಾದ್ರೂ ಉಳಿದಿದೆಯೇನೇ?"

"ಒಂದು ಕ್ಯಾಸೆಟ್ ಇದೆ."

"ತಂದು ಕೇಳಿಸು. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಯಾರೋ ಬಂದು ಅತ್ತು ಹೋಗ್ತಾರೆ, ನಾನು ಹೆತ್ತವಳು ಒಂದ್ಸಲಾನೂ ಕೇಳ್ಲಿಲ್ಲವಲ್ಲೇ."

"ಭಾನುವಾರ ತರ್ತೀನಮ್ಮಾ," ಎಂದಳು ಅಕ್ಕ. ಬದುಕಿದ್ದಾಗ ತಮ್ಮ ಇದೊಂದು ಮಾತಿಗೆ ಎಷ್ಟು ಕಾದಿದ್ದ ಎಂದು ಅವಳಿಗೆ ಗೊತ್ತಿತ್ತು.

ಈ ಕ್ಯಾಸೆಟ್ಟಿನ ವಿಷಯ ಇಲ್ಲಿ ಹೇಳಿಬಿಡಬೇಕು. ‘ಸುಮ್ನೆ’ಯ ಬಳಿ ಇದ್ದದ್ದು ಒಂದೇ ಒಂದು ಕ್ಯಾಸೆಟ್ಟು. ವಾರಕ್ಕೊಮ್ಮೆ ಕೂತು ನುಡಿಸಿದ್ದನ್ನು ಅದರಲ್ಲಿ ಹಿಡಿದು, ರೀಲನ್ನು ಮೊದಲಿಗೆ ಸುತ್ತಿಡುವುದು. ಮುಂದಿನ ವಾರ ತಮ್ಮ ಎಲ್ಲರಿಗಿಂತ ಮೊದಲೇ ಬಂದು ಅದನ್ನು ಒಂದು ಸಲ ಕೇಳಿ, ಮತ್ತೆ ಮೊದಲಿಗೆ ಸುತ್ತಿಟ್ಟು, ಅದರ ಮೇಲೆಯೇ ಹೊಸದನ್ನು ಹಿಡಿಯುವುದು. ಹಳೆಯದು ಅಳಿಸಿ ಹೋಗಬೇಕು, ಅದೇ ನಿಯಮ. "ಸದ್ದು ಅನ್ನೋದು ಬಿಸಿ ಇದ್ದಾಗ್ಲೇ ಚೆಂದ. ಕೂಡಿಟ್ರೆ ಹಳಸುತ್ತೆ," ಎನ್ನುತ್ತಿದ್ದ ಮಹಾನುಭಾವ. ಫೋನಿನಲ್ಲಿ ಹಿಡಿಯೋಣವೆಂದರೆ ಅದರ ಅಲೆ ಅವನ ಮೋಟಾರು, ಗಿಟಾರಿನ ತಂತಿಸುರುಳಿಗಳಿಗೆ ತಾಗಿ ಸ್ಪೀಕರಿನಲ್ಲಿ ಟಿಕಟಿಕ ಎನ್ನುತ್ತಿತ್ತು. ಹಾಗಾಗಿ ಫೋನುಗಳೆಲ್ಲ ಮೆಟ್ಟಿಲ ಮೇಲೆ, ಕೇಳಲು ಬಂದವರದ್ದೂ ಸಹ. ಹೀಗೆ ಅಷ್ಟು ವರ್ಷದ ಗದ್ದಲದಲ್ಲಿ ಉಳಿದದ್ದು ಕೊನೆಯ ವಾರದ್ದು ಮಾತ್ರ. ಅಮ್ಮ ಚಪ್ಪಲಿ ಬಚ್ಚಿಡುವ ಮುಂಚಿನ ವಾರದ್ದು. ಅದು ಇದ್ದ ಜಾಗದಲ್ಲೇ, ಅವನ ಮೇಜಿನ ಪಕ್ಕದ ಕ್ಯಾಸೆಟ್ ಡೆಕ್ಕಿನೊಳಗೇ ಇತ್ತು.

ಶನಿವಾರ ಸಂಜೆ ಅಕ್ಕ ಅದನ್ನು ತರಲು ಹೋದಳು. ತಗಡು ಬೀಗ ತೆಗೆದು ಒಳಗೆ ನಿಂತಿದ್ದ. ತಮ್ಮನ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು. ಇಬ್ಬರೂ ಸ್ವಲ್ಪ ಹೊತ್ತು ಆ ಕಡೆ ನೋಡದೆ ಈ ಕಡೆ ಮಾತಾಡಿದರು. ಆಮೇಲೆ ತಗಡು, "ಅಕ್ಕ, ಬಂದಿದ್ದೀವಿ. ಒಂದ್ಸಲ ನುಡಿಸೋಣ್ವಾ? ಅವನ ಜಾಗ ಖಾಲಿ ಬಿಟ್ಟೇ ನುಡಿಸೋಣ," ಎಂದ. ಅವನ ಕಣ್ಣು ತುಂಬಿತ್ತು. ಇಂಥ ಮಾತಿಗೆ ಯಾರು ಬೇಡ ಎಂದಾರು?

ಅಕ್ಕ ಬಟ್ಟೆ ತೆಗೆದುಕೊಂಡು ಆ ಮೇಜನ್ನು ಒರೆಸಿದಳು. ಅವನಿಗೊಂದು ಗೌರವ ಎಂದುಕೊಂಡು, ಅವನು ಪ್ರತಿ ವಾರ ಮಾಡುತ್ತಿದ್ದುದನ್ನೆಲ್ಲ ಅವನ ಕ್ರಮದಲ್ಲೇ ಮಾಡಿದಳು. ಮೊದಲು ಗೋಡೆಯ ಸ್ವಿಚ್ಚು. ಆಮೇಲೆ ಮೋಟಾರಿನ ರೆಗ್ಯುಲೇಟರು, ಆಮೇಲೆ ರೇಡಿಯೋ, ಆಮೇಲೆ ಗಿಟಾರಿನ ಆಂಪ್ಲಿಫೈಯರು. ತಮ್ಮನ ಬೆನ್ನು ಕಣ್ಣೆದುರಿಗೆ ಇದ್ದ ಹಾಗೆ, ಅವನ ಕೈಯೇ ತನ್ನ ಕೈಯಾದ ಹಾಗೆ ಒಂದೊಂದನ್ನೂ ಒತ್ತಿದಳು. ಕೊನೆಗೆ ಬಗ್ಗಿ ಡೆಕ್ಕಿನ ಕೆಂಪು ಗುಂಡಿಯನ್ನೂ ಒತ್ತಿ, ತನ್ನ ಮೈಕಿನ ಮುಂದೆ ಹೋಗಿ ನಿಂತಳು.

ನುಡಿಸಿದರು. ತಮ್ಮನ ಮೇಜು ತನ್ನಷ್ಟಕ್ಕೆ ಗುಂಯ್ ಎನ್ನುತ್ತಾ ಇತ್ತು. ತಗಡು ಬಾರಿಸುವಾಗ ಅವನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಿರುಚಿ ಹೊರಗೆ ಹಾಕಿ, ಕೊನೆಗೆ ಮೈ ಹಗುರಾಗಿ ಕುಸಿದು ಕೂತಳು. ಆಗ ಡೆಕ್ಕು, ರೀಲು ಮುಗಿಯಿತೆಂದು ಟಕ್ ಎಂದಿತು.

ಇಬ್ಬರೂ ಒಟ್ಟಿಗೇ ಆ ಕಡೆ ತಿರುಗಿದರು.

"ಅಕ್ಕ," ಎಂದ ತಗಡು. "ನೀನು ಅದನ್ನ ಒತ್ತಿದ್ಯಾ?"

ಅಕ್ಕ ತೆವಳಿಕೊಂಡೇ ಹೋಗಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಕೇಳಿದಳು. ಮೊದಲಲ್ಲಿ ಅವರಿಬ್ಬರು. ಮಧ್ಯದಲ್ಲಿ ಅವರಿಬ್ಬರು. ಕೊನೆಯಲ್ಲೂ ಅವರಿಬ್ಬರೇ. ತಮ್ಮ ಎಲ್ಲೂ ಇರಲಿಲ್ಲ. ಅವಳು ತಲೆ ಚಚ್ಚಿಕೊಂಡಳು, ಅಕ್ಷರಶಃ ಚಚ್ಚಿಕೊಂಡಳು. ತಗಡು ಬಂದು ಕೈ ಹಿಡಿಯದಿದ್ದರೆ ಹಣೆ ಒಡೆಯುತ್ತಿತ್ತು. "ಅವನನ್ನ ನಾನೇ ಅಳಿಸಿಬಿಟ್ನಲ್ಲೋ, ನನ್ನ ಕೈ ಸೇದಿಹೋಗ! ಇನ್ನು ಅಮ್ಮನಿಗೆ ಏನಂತ ಹೇಳ್ಲಿ?"

"ನೀನು ಬೇಕು ಅಂತ ಮಾಡಿದ್ಯಾ? ಕೈಗೆ ಅಭ್ಯಾಸ," ಎಂದ ತಗಡು. ಅಭ್ಯಾಸ ಅವಳ ಕೈಗಲ್ಲ, ತಮ್ಮನ ಕೈಗೆ ಎನ್ನುವುದು ಅವನಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಒಂದು ದಾರಿ ಹೇಳಿದ. "ಅಕ್ಕ, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲ. ಅವನು ಏನೇನು ಮಾಡ್ತಿದ್ದ ಅಂತ ನಿನಗೆ ಗೊತ್ತು. ಆ ಮೇಜಿನ ಮುಂದೆ ನೀನು ಕೂತ್ಕೋ. ನಾನು ಬಾರಿಸ್ತೀನಿ. ನಮ್ಮ ಗದ್ದಲದಲ್ಲಿ ಯಾವುದು ಯಾರದ್ದು ಅಂತ ನಮಗೇ ಗೊತ್ತಾಗಲ್ಲ, ಅಮ್ಮನಿಗೆ ಗೊತ್ತಾಗುತ್ತಾ?"

"ಅಮ್ಮನಿಗೆ ಸುಳ್ಳು ಹೇಳೋದಾ?"

"ಮತ್ತೇನು, ಖಾಲಿ ಕೈಯಲ್ಲಿ ಹೋಗ್ತೀಯಾ?"

ಖಾಲಿ ಕೈಯಲ್ಲಿ ಹೋಗುವ ಧೈರ್ಯ ಅವಳಿಗಿರಲಿಲ್ಲ. ಕೂತಳು. ಗಿಟಾರಿನ ಮೇಲೆ ಸ್ಪ್ರಿಂಗು ಎಳೆದಳು, ರೇಡಿಯೋದ ಮುಳ್ಳನ್ನು ಎರಡು ಸ್ಟೇಷನ್ನುಗಳ ನಡುವಿನ ಆ ಕರಕರದಲ್ಲಿ ನಿಲ್ಲಿಸಿದಳು, ಮೋಟಾರಿನ ವೇಗ ತಗ್ಗಿಸಿ ತಗ್ಗಿಸಿ ಅದು ನರಳುವಂತೆ ಮಾಡಿದಳು. ಇಷ್ಟು ವರ್ಷ ಅವನ ಬೆನ್ನ ಹಿಂದೆ ನಿಂತು ಕೇಳಿದ್ದು ಒಂದೂ ಮರೆತಿರಲಿಲ್ಲ. ನಡುನಡುವೆ ಮೈಕಿನ ಕಡೆ ಕತ್ತು ಚಾಚಿ ತನ್ನ ಪಾಲಿನ ಕಿರುಚಾಟವನ್ನೂ ಸೇರಿಸಿದಳು. ಮುಗಿಸಿ ಕೇಳಿದರೆ ತಗಡಿಗೇ ಮೈ ನವಿರೆದ್ದಿತು. "ಥೇಟ್ ಅವನೇ ಕಣಕ್ಕ," ಎಂದು ಪಿಸುಗುಟ್ಟಿದ. ಅಷ್ಟು ಚೆನ್ನಾಗಿ ಆ ಬ್ಯಾಂಡು ಹಿಂದೆಂದೂ ನುಡಿಸಿರಲಿಲ್ಲ. ಹೇಳಿಕೊಳ್ಳಲು ಮಾತ್ರ ಆಗುವಂತಿರಲಿಲ್ಲ.

ಭಾನುವಾರ ಬೆಳಗ್ಗೆ ತಗಡು ಡೆಕ್ಕು, ಸ್ಪೀಕರು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. ಅಮ್ಮ ಆಗಲೇ ತಲೆ ಬಾಚಿಕೊಂಡು, ಎಲ್ಲಿಗಾದರೂ ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟು ಕೂತಿದ್ದಳು. ಪಕ್ಕದ ಮನೆಯವಳಿಗೆ ಈಗ ಬರಬೇಡ ಎಂದು ಹೇಳಿಬಂದಿದ್ದಳು. ಕಿಟಕಿ ಮುಚ್ಚಿದಳು, ಫ್ಯಾನು ಆರಿಸಿದಳು. ಫ್ರಿಜ್ಜು ಗುರ್ ಎಂದಿತು ಎಂದು ಎದ್ದು ಹೋಗಿ ಅದರ ಸ್ವಿಚ್ಚನ್ನೂ ತೆಗೆದು ಬಂದಳು. "ಏನೂ ಅಡ್ಡ ಬರಬಾರ್ದು," ಎಂದಳು. ಆ ಗದ್ದಲಕ್ಕೆ ಅಷ್ಟು ಮೌನ ಸಿಕ್ಕಿದ್ದು ಅದೇ ಮೊದಲು. ಅಕ್ಕನಿಗೆ ಆ ಕ್ಷಣವೇ ಎದ್ದು ಓಡಿಹೋಗೋಣ ಎನ್ನಿಸಿತು. ತಗಡು ಗುಂಡಿ ಒತ್ತಿಬಿಟ್ಟ.

ಗಿರಣಿಯಲ್ಲಿ ದುಡಿದವರ ಕಿವಿಯೇ ಬೇರೆ. ನಮಗೆ ನಿಮಗೆ ಒಂದೇ ಗದ್ದಲ ಕೇಳುವ ಕಡೆ ಅವರಿಗೆ ಹತ್ತು ಸದ್ದು ಬೇರೆ ಬೇರೆಯಾಗಿ ಕೇಳುತ್ತವೆ. ಅಮ್ಮ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ತಲೆ ಸ್ವಲ್ಪ ವಾಲಿಸಿ, ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತಳು.

"ಈ ಬಡಿಯೋದು ಇವನಲ್ವಾ?"

"ಹೂಂ ಅಮ್ಮಾ, ನಾನೇ," ಎಂದ ತಗಡು.

"ಕೂಗ್ತಿರೋಳು ನೀನು. ಅಬ್ಬಬ್ಬಾ! ನಿನ್ನ ಹೆರೋವಾಗ ನಾನೂ ಹೀಗೆ ಕೂಗಿರ್ಲಿಲ್ಲ ಕಣೇ."

ತಗಡು ನಕ್ಕ. ಅಕ್ಕನೂ ನಗುವ ಹಾಗೆ ಮಾಡಿದಳು.

"ಮತ್ತೆ ಈ ನರಳೋದು, ಕೆಳಗಡೆಯಿಂದ ಬರ್ತಿದೆಯಲ್ಲ, ಅದು ಚಿಕ್ಕೋನಾ?"

"ಅವನೇ," ಎಂದಳು ಅಕ್ಕ.

ಆಮೇಲೆ ಅಮ್ಮ ಏನೂ ಕೇಳಲಿಲ್ಲ. ಮೊಣಕಾಲ ಮೇಲೆ ಕೈ ಊರಿ, ಸ್ಪೀಕರಿನ ಕಡೆ ಬಾಗಿ ಬಾಗಿ, ಏನನ್ನೋ ಹುಡುಕುವವಳ ಹಾಗೆ ಕೇಳುತ್ತಾ ಹೋದಳು. ಟಕ್ ಎಂದು ಡೆಕ್ಕು ನಿಂತಾಗಲೂ ಹಾಗೇ ಬಾಗಿದ್ದಳು. ತಲೆ ಎತ್ತಿದಾಗ ಅವಳ ಮುಖ ನೋಡಬೇಕಿತ್ತು, ದೀಪ ಹಚ್ಚಿದ ಹಾಗಿತ್ತು.

"ಒಂದ್ಸಲಾನೂ ಕೆಮ್ಮಲಿಲ್ಲ," ಎಂದಳು.

ಅಕ್ಕನಿಗೆ ಅರ್ಥವಾಗಲಿಲ್ಲ. "ಏನಮ್ಮಾ?"

"ಅಷ್ಟು ಹೊತ್ತು ನುಡಿಸಿದ್ನಲ್ಲೇ, ಒಂದ್ಸಲಾನೂ ಕೆಮ್ಮಲಿಲ್ಲ. ನಾನು ಅದನ್ನೇ ಕೇಳ್ತಾ ಕೂತಿದ್ದೆ. ಮನೇಲಿ ಒಂದು ಲೋಟ ನೀರು ಕುಡಿಯೋದ್ರೊಳಗೆ ಎರಡು ಸಲ ಕೆಮ್ತಿದ್ದ ನನ್ನ ಮಗ. ಅಲ್ಲಿ ಅಷ್ಟು ಆರಾಮಾಗಿ ಇದ್ನಲ್ಲೇ!" ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ದೊಡ್ಡ ಉಸಿರು ಬಿಟ್ಟಳು. "ಅಷ್ಟು ಸಾಕು ನನಗೆ. ಒಂದು ಕಡೆಯಾದ್ರೂ ನೆಮ್ಮದಿಯಾಗಿ ಉಸಿರಾಡಿದ."

ತಗಡು ಅಕ್ಕನ ಕಡೆ ನೋಡಿದ. ಗೆದ್ದೆವು ಎನ್ನುವಂತಿತ್ತು ಆ ನೋಟ. ಅಕ್ಕನಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಸುಳ್ಳಾದರೇನು, ಅಮ್ಮನ ಎದೆಯ ಕಲ್ಲು ಇಳಿಯಿತಲ್ಲ.

ಅದು ಒಂದೇ ಗಳಿಗೆ. ನೋಡುತ್ತಿದ್ದ ಹಾಗೇ ಅಮ್ಮನ ಮುಖದ ಬೆಳಕು ಒಳಗೊಳಗೇ ಆರತೊಡಗಿತು. ಅವಳ ಕಣ್ಣು ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ಅಲ್ಲೇ ನಿಂತಿತು.

"ಹಾಗಾದ್ರೆ ಆ ಧೂಳು ಅವನಿಗೆ ಏನೂ ಮಾಡಿರ್ಲಿಲ್ಲ," ಎಂದಳು ನಿಧಾನವಾಗಿ. "ಅಲ್ಲಿ ಹೋದ್ರೆ ಕೆಮ್ಮು ನಿಲ್ತಿತ್ತು. ಅದಕ್ಕೇ ಅಷ್ಟೊಂದು ಗೋಗರೆದ. ಒಂದೇ ಸಲ ಅಮ್ಮಾ, ಒಂದೇ ಸಲ ಅಂತ. ನಾನು ಚಪ್ಪಲಿ ಬಚ್ಚಿಟ್ಟೆ. ಸುಮ್ನೆ ತಡೆದ್ನಲ್ಲೇ ಅವನನ್ನ! ಸುಮ್ನೆ!" ತನ್ನ ಕೆನ್ನೆಗೆ ತಾನೇ ಫಟಾರನೆ ಹೊಡೆದುಕೊಂಡಳು. "ಔಷಧಿ ಇದ್ದ ಕಡೆ ಹೋಗ್ತೀನಿ ಅಂದ ಮಗನನ್ನ ಹಿಡಿದು ಕೂರಿಸಿ ಕೊಂದ್ನಲ್ಲೇ!"

"ಅಮ್ಮಾ, ಹಾಗೆಲ್ಲ ಇಲ್ಲ. ಡಾಕ್ಟರೇ ಹೇಳಿದ್ರಲ್ಲ."

"ಡಾಕ್ಟರ್ ಏನು ಕಂಡ? ನಾನೇ ಕಿವಿಯಾರೆ ಕೇಳಿದ್ನಲ್ಲ ಈಗ!"

ಅಕ್ಕ ತಗಡಿನ ಕಡೆ ನೋಡಿದಳು. ಅವನು ಬೇಡ ಎಂದು ತಲೆ ಆಡಿಸಿದ. ಅಮ್ಮ ಮತ್ತೆ ಕೈ ಎತ್ತಿದಳು. ಅಕ್ಕ ಆ ಕೈ ಹಿಡಿದುಕೊಂಡು ಅವಳ ಕಾಲ ಬಳಿ ಕೂತಳು. ಹೇಳಿದರೆ ಅಮ್ಮನಿಗೆ ಸಿಕ್ಕ ಆ ಒಂದು ಹಿಡಿ ನೆಮ್ಮದಿಯೂ ಹೋಗುತ್ತದೆ. ಹೇಳದಿದ್ದರೆ ಇವಳು ಸಾಯುವ ತನಕ ಹೀಗೇ ಕೆನ್ನೆ ಬಡಿದುಕೊಳ್ಳುತ್ತಾಳೆ.

"ಅಮ್ಮಾ, ಅದು ಅವನಲ್ಲ," ಎಂದಳು. "ಅವನ ಮೇಜಿನ ಮುಂದೆ ಕೂತಿದ್ದು ನಾನು. ನಿನ್ನೆ ನುಡಿಸಿದ್ದು. ಅವನದ್ದು ಇತ್ತು, ನನ್ನ ಕೈಯಾರೆ ಅಳಿಸಿಬಿಟ್ಟೆ. ಗೊತ್ತಿಲ್ದೆ ಅಳಿಸಿಬಿಟ್ಟೆ ಅಮ್ಮಾ. ನಿನಗೆ ಹೇಳೋಕೆ ಮುಖ ಇರ್ಲಿಲ್ಲ."

ಅಮ್ಮ ಬೈಯುತ್ತಾಳೆ ಎಂದುಕೊಂಡಿದ್ದಳು. ಬೈಗುಳ ಬಂದಿದ್ದರೆ ಎಷ್ಟೋ ಸಲೀಸಾಗಿತ್ತು. ಅಮ್ಮ ಕೇಳಿದಾಗ ದನಿ ತೀರಾ ಸಣ್ಣದಾಗಿತ್ತು.

"ಹಾಗಾದ್ರೆ ಅಲ್ಲೂ ಕೆಮ್ತಿದ್ನಾ?"

"ಕೆಮ್ತಿದ್ದ."

"ಜಾಸ್ತೀನಾ?"

"ಜಾಸ್ತೀನೇ ಅಮ್ಮಾ."

"ಅವನಿಗೆ ಕೆಮ್ಮು ಬಂದಾಗ ನೀವು ನಿಲ್ಲಿಸ್ತಿದ್ರಾ?"

ತಗಡು ಎದ್ದು ಹೋಗಿ ಮುಚ್ಚಿದ ಕಿಟಕಿಯ ಕಡೆ ಮುಖ ಮಾಡಿ ನಿಂತ. ಇನ್ನೊಂದು ಸುಳ್ಳು ಅಕ್ಕನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳುವ ಶಕ್ತಿ ಅವಳಿಗೆ ಉಳಿದಿರಲಿಲ್ಲ.

"ಇಲ್ಲಮ್ಮಾ, ನಿಲ್ಲಿಸ್ತಿರ್ಲಿಲ್ಲ. ಅವನೇ ಮೈಕ್ ಎಳ್ಕೊಂಡು ಅದರೊಳಗೆ ಕೆಮ್ತಿದ್ದ. ಇವನು ಅದಕ್ಕೆ ಸರಿಯಾಗಿ ತಗಡು ಬಡಿತಿದ್ದ. ನಾನು ಅದರ ಮೇಲೆ ಕೂಗ್ತಿದ್ದೆ." ಅವಳ ದನಿ ಒಡೆಯಿತು. "ಮುಗಿದ ಮೇಲೆ, ಇವತ್ತು ಚೆನ್ನಾಗಿ ಬಂತು ಅಂತಿದ್ವಿ."

ಹೇಳುತ್ತಾ ಹೇಳುತ್ತಾ ಅವಳಿಗೇ ಹೊಳೆಯಿತು. ಅವನ ಮೇಜಿನ ಮುಂದೆ ಕೂತಾಗ ಅವಳು ಸ್ಪ್ರಿಂಗಿನ ಎಳೆತವನ್ನೂ ಮರೆತಿರಲಿಲ್ಲ, ರೇಡಿಯೋದ ಕರಕರವನ್ನೂ ಮರೆತಿರಲಿಲ್ಲ. ಮರೆತದ್ದು ಕೆಮ್ಮೊಂದನ್ನೇ. ಅವರ ಗದ್ದಲದಲ್ಲಿ ಅದೂ ಒಂದು ಸದ್ದಾಗಿ ಸೇರಿಹೋಗಿತ್ತು. ಅದು ತಮ್ಮನ ಎದೆಯಿಂದ ಬರುತ್ತಿದೆ ಎನ್ನುವುದೇ ಅವಳಿಗೆ ಯಾವಾಗಲೋ ಕೇಳಿಸದೆ ಹೋಗಿತ್ತು. ಅಮ್ಮ ಆ ಸದ್ದನ್ನೆಲ್ಲ ಬಗೆದು ಅದೊಂದನ್ನೇ ಹುಡುಕಿದ್ದಳು.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಹೇಗೆ ಕೆಮ್ತಿದ್ದ ಅಲ್ಲಿ? ಹೀಗೇನಾ?" ಎಂದು ಕೇಳಿ, ಎದೆಗೆ ಕೈ ಒತ್ತಿಕೊಂಡು, ಕತ್ತು ಎಡಕ್ಕೆ ತಿರುಗಿಸಿ ಕೆಮ್ಮಿದಳು. ಮೊದಲು ಒಣಗಿದ ಚಿಕ್ಕ ಚಿಕ್ಕ ಕೆಮ್ಮು. ಆಮೇಲೆ ತಳದಿಂದ ಎಳೆದುಕೊಂಡು ಬರುವ ಉದ್ದನೆಯದು. ಅದರ ಕೊನೆಯಲ್ಲಿ ಉಸಿರು ಸಿಕ್ಕದೆ ಒಂದು ಸಣ್ಣ ಸಿಳ್ಳು. ಎಷ್ಟೋ ರಾತ್ರಿ ಗೋಡೆಯ ಈಚೆ ಎಚ್ಚರವಾಗಿ ಮಲಗಿ ಕೇಳಿದ್ದು. ಅಕ್ಕನಿಗೆ ಆ ಮೇಜಿನ ಮೇಲಿನ ಯಂತ್ರಗಳಿಂದೆಲ್ಲ ತರಲಾಗದಿದ್ದ ತಮ್ಮ ಈಗ ಆ ಕೋಣೆಯಲ್ಲಿದ್ದ. ಕಿಟಕಿಯ ಬಳಿ ತಗಡು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಹೀಗೇ ಅಮ್ಮಾ," ಎಂದಳು. "ಹೀಗೇ."

"ಕೆಮ್ಮಿ ಆದ ಮೇಲೆ ಏನಂತಿದ್ದ?"

"‘ಹೋಯ್ತು, ಹೋಯ್ತು’ ಅಂತಿದ್ದ. ನುಡ್ಸಿ ನುಡ್ಸಿ ಅಂತ ಕೈ ಆಡಿಸ್ತಿದ್ದ."

"ನನಗೂ ಹಾಗೇ ಅಂತಿದ್ದ. ‘ಹೋಯ್ತಮ್ಮಾ, ಮಲ್ಕೋ’ ಅಂತ." ಅಮ್ಮ ಮಗಳ ತಲೆಯ ಮೇಲೆ ಕೈ ಇಟ್ಟಳು. "ನಾನೂ ಹೋಯ್ತು ಅಂದ್ಕೊಂಡು ಮಲಗ್ತಿದ್ದೆ ಕಣೇ."

ಅಷ್ಟು ಹೇಳಿ ಅವಳು ಬಾಯಿಬಿಟ್ಟು ಅತ್ತಳು. ಅಕ್ಕ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು.